ಐವತ್ತು ವರ್ಷ ಆಳಿದ ದೊರೆ: ಆರನೇ ವಿಕ್ರಮಾದಿತ್ಯ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಸಂತೋಷದಲ್ಲಿ ಈ ಸಂಚಿಕೆ ಹೊರಬರುತ್ತಿದೆ. ಶಾಲೆಯ ದಿನಗಳ ನೆನಪು, ಗುರುಗಳ ಪ್ರೀತಿ, ಅವರ ಬೆತ್ತದ ರುಚಿ ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವ ಗೆಳೆಯರಿದ್ದಾರೆ. ಹಾಗಾಗಿ ನಾನು ಐವತ್ತು ಎಂಬ ಅಂಕಿಯನ್ನೇ ಹಿಡಿದು, ಒಂದೇ ಸಿಂಹಾಸನದ ಮೇಲೆ ಐವತ್ತು ವರ್ಷ ಕುಳಿತ ಒಬ್ಬ ಕನ್ನಡ ದೊರೆಯ ಜೀವನವನ್ನು ಹೇಳಲು ಹೊರಟಿದ್ದೇನೆ. ಅವನು ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯ. ಆಳಿದ್ದು 1076ರಿಂದ 1126ರವರೆಗೆ.

ಹೈಸ್ಕೂಲಿನ ಸಮಾಜ ವಿಜ್ಞಾನ ಪುಸ್ತಕದಲ್ಲಿ ಅವನಿಗೆ ಸಿಕ್ಕಿದ್ದು ಕೆಲವೇ ಸಾಲು. ಚಾಲುಕ್ಯ ವಿಕ್ರಮ ಶಕೆ, ಬಿಲ್ಹಣ, ವಿಜ್ಞಾನೇಶ್ವರ, ಇಷ್ಟು ಬರೆದರೆ ಅಂಕ ಬರುತ್ತಿತ್ತು. ಆ ಸಾಲುಗಳ ಹಿಂದೆ ದೊಡ್ಡದೊಂದು ಸಂಗತಿ ಇದೆ ಎಂದು ನನಗೆ ತಿಳಿದದ್ದು ಇಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಸೇರಿ, ಬಿಡುವಿನಲ್ಲಿ ಇತಿಹಾಸ ಓದುವ ಹುಚ್ಚು ಹತ್ತಿದ ಮೇಲೆ. ತಲೆಮಾರುಗಳಿಂದ ಕಾದಾಡುತ್ತಿದ್ದ ಎರಡು ನೆರೆ ರಾಜ್ಯಗಳು ಈ ದೊರೆಯ ಕಾಲದಲ್ಲಿ ಹೆಚ್ಚು ಕಡಿಮೆ ನಾಲ್ಕು ದಶಕ ದೊಡ್ಡ ಯುದ್ಧವಿಲ್ಲದೆ ಬಾಳಿದವು.

ವಿಕ್ರಮಾದಿತ್ಯ ಹುಟ್ಟಿದ್ದು ಯುದ್ಧದ ಮನೆಯಲ್ಲೇ. ತಂದೆ ಒಂದನೇ ಸೋಮೇಶ್ವರ, ಆಹವಮಲ್ಲ ಎಂದು ಹೆಸರಾದವನು. ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ದಕ್ಷಿಣದಲ್ಲಿ ತಂಜಾವೂರು ಸೀಮೆಯ ಚೋಳರು. ನಡುವೆ ತುಂಗಭದ್ರೆ. ಜಗಳಕ್ಕೆ ಮುಖ್ಯ ಕಾರಣ ಕೃಷ್ಣೆ ಗೋದಾವರಿಗಳ ನಡುವಿನ ವೆಂಗಿ ನಾಡು. ಅಲ್ಲಿನ ಗದ್ದಿಗೆಯ ಮೇಲೆ ತಮ್ಮವನೇ ಕೂರಬೇಕೆಂದು ಎರಡೂ ಕಡೆಯವರಿಗೆ ಹಟ. ಚೋಳರ ರಾಜಾಧಿರಾಜ ಕಲ್ಯಾಣದವರೆಗೆ ನುಗ್ಗಿ ಊರನ್ನು ಸೂರೆಗೊಂಡು, ಅಲ್ಲಿಂದ ಒಂದು ದ್ವಾರಪಾಲಕ ವಿಗ್ರಹವನ್ನು ಹೊತ್ತೊಯ್ದ. ಗೆಲುವಿನ ಗುರುತಿಗೆ ಅದರ ಮೇಲೆ ಅಕ್ಷರ ಕೆತ್ತಿಸಿದ. ಕೆಲವೇ ವರ್ಷಗಳಲ್ಲಿ, 1054ರ ಕೊಪ್ಪಂ ಕಾಳಗದಲ್ಲಿ, ಅದೇ ರಾಜಾಧಿರಾಜ ಆನೆಯ ಮೇಲಿದ್ದಾಗಲೇ ಸತ್ತ. ಅವನ ತಮ್ಮ ರಣರಂಗದಲ್ಲೇ ಪಟ್ಟ ಕಟ್ಟಿಕೊಂಡು ಯುದ್ಧ ಮುಂದುವರಿಸಿದ. ಹತ್ತು ವರ್ಷ ಕಳೆಯುವುದರೊಳಗೆ ಕೂಡಲಸಂಗಮದಲ್ಲಿ ಮತ್ತೆ ಕಾಳಗ. ಒಮ್ಮೆ ಇವರದು ಮೇಲುಗೈ, ಒಮ್ಮೆ ಅವರದು. ನಡುವೆ ಬೆಂದದ್ದು ನದಿಯ ಎರಡೂ ದಡದ ಹಳ್ಳಿಗಳು.

ಆಗ ನಮ್ಮ ಕಡೆಯ ಊರುಗಳು ಯಾರ ಪಾಲಿಗಿದ್ದವು? ಚೋಳರ ಪಾಲಿಗೆ. 1004ರ ಸುಮಾರಿಗೆ ಅವರು ಗಂಗವಾಡಿಯನ್ನು ಗೆದ್ದ ಮೇಲೆ ಕೋಲಾರದಿಂದ ಈಚೆಗೆ ಬೆಂಗಳೂರಿನ ಪೂರ್ವ ಭಾಗವೆಲ್ಲ ಅವರ ಆಡಳಿತಕ್ಕೆ ಸೇರಿತ್ತು. ಕೋಲಾರಮ್ಮನ ಗುಡಿಯಲ್ಲಿ, ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ ತಮಿಳು ಶಾಸನಗಳಿರುವುದು ಇದಕ್ಕೇ. ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ 1043ರ ಶಾಸನವಿದೆ. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಎಂಬುವನು ಪಟ್ಟಂದೂರಿನ ಕೆರೆ ಕಟ್ಟಿಸಿ, ತೂಬುಗಳನ್ನು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠೆ ಮಾಡಿಸಿದ ಎಂದು ಅದು ತಿಳಿಸುತ್ತದೆ. ಅಪ್ಪನ ಹೆಸರು ಅಪ್ಪಟ ಕನ್ನಡದ್ದು, ಮಗನಿಗೆ ಚೋಳ ಚಕ್ರವರ್ತಿಯ ಹೆಸರು. ಗಡಿನಾಡಿನ ಬದುಕು ಆಗಲೂ ಹೀಗೆಯೇ ಬೆರೆತಿತ್ತು. ಆದ್ದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ವಿಕ್ರಮಾದಿತ್ಯ ನಮ್ಮ ಭಾಷೆಯ ದೊರೆ ನಿಜ, ಆದರೆ ನಮ್ಮೂರಿನ ಅಂದಿನ ರೈತನಿಗೆ ಅವನು ಪಕ್ಕದ ರಾಜ್ಯದವನು.

1068ರಲ್ಲಿ ತಂದೆ ಸೋಮೇಶ್ವರ ವಾಸಿಯಾಗದ ಕಾಯಿಲೆಯಿಂದ ಬೇಸತ್ತು ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಯ ಮಗ ಎರಡನೇ ಸೋಮೇಶ್ವರ ಪಟ್ಟಕ್ಕೆ ಬಂದ. ಗಂಗವಾಡಿಯ ಕಡೆ ಅಧಿಕಾರದಲ್ಲಿದ್ದ ತಮ್ಮ ವಿಕ್ರಮಾದಿತ್ಯನಿಗೂ ಅಣ್ಣನಿಗೂ ಹೊಂದಿಕೆಯಾಗಲಿಲ್ಲ. ಆಗ ವಿಕ್ರಮಾದಿತ್ಯ ಮಾಡಿದ ಕೆಲಸ ಯಾರೂ ಊಹಿಸದಂಥದ್ದು. ತಂದೆಯ ಜೀವಮಾನದ ವೈರಿಯಾದ ಚೋಳ ವೀರರಾಜೇಂದ್ರನ ಜೊತೆ ಸಂಧಿ ಮಾಡಿಕೊಂಡು ಅವನ ಮಗಳನ್ನೇ ಮದುವೆಯಾದ.

ಆ ನಂಟು ಬಹಳ ದಿನ ನೆಮ್ಮದಿ ಕೊಡಲಿಲ್ಲ. 1070ರಲ್ಲಿ ಮಾವ ತೀರಿಕೊಂಡ. ಭಾವಮೈದುನ ಅಧಿರಾಜೇಂದ್ರ ಪಟ್ಟಕ್ಕೆ ಬಂದು ಕೆಲವೇ ದಿನಗಳಲ್ಲಿ ಗಲಭೆಯಲ್ಲಿ ಸತ್ತ. ಚೋಳ ಸಿಂಹಾಸನಕ್ಕೆ ಬಂದವನು ಕುಲೋತ್ತುಂಗ. ಇವನು ತಂದೆಯ ಕಡೆಯಿಂದ ವೆಂಗಿಯ ಚಾಲುಕ್ಯ, ತಾಯಿಯ ಕಡೆಯಿಂದ ರಾಜೇಂದ್ರ ಚೋಳನ ಮೊಮ್ಮಗ. ಹೀಗೆ ಚೋಳರ ಅಳಿಯ ಕಲ್ಯಾಣದ ಪಟ್ಟಕ್ಕೆ ಕಾಯುತ್ತಿದ್ದ, ಚಾಲುಕ್ಯರ ಕುಡಿ ಚೋಳರ ಪಟ್ಟದ ಮೇಲೆ ಕುಳಿತಿದ್ದ. ಕುಲೋತ್ತುಂಗ ಎರಡನೇ ಸೋಮೇಶ್ವರನ ಕಡೆ ನಿಂತ. 1075-76ರಲ್ಲಿ ಯುದ್ಧವಾಯಿತು. ನಂಗಲಿಯಿಂದ ತುಂಗಭದ್ರೆಯವರೆಗೆ ವಿಕ್ರಮಾದಿತ್ಯನನ್ನು ಅಟ್ಟಿಸಿಕೊಂಡು ಹೋದೆವೆಂದು ಚೋಳ ಶಾಸನಗಳು ಸಾರುತ್ತವೆ. ಹಳೇ ಮದ್ರಾಸ್ ರಸ್ತೆಯಲ್ಲಿ ಕೋಲಾರ, ಮುಳಬಾಗಿಲು ದಾಟಿ ಆಂಧ್ರದ ಗಡಿಗೆ ಹೋಗುವವರಿಗೆ ಸಿಗುವ ಊರೇ ಈ ನಂಗಲಿ. ಚಾಲುಕ್ಯರ ಆಸ್ಥಾನ ಕವಿ ಬಿಲ್ಹಣನ ಪ್ರಕಾರ ಗೆದ್ದವನು ವಿಕ್ರಮಾದಿತ್ಯ. ಇಬ್ಬರೂ ಗೆದ್ದೆವೆಂದರೂ ಫಲಿತಾಂಶ ಒಂದೇ. ಕುಲೋತ್ತುಂಗ ತನ್ನ ನಾಡಿನಲ್ಲಿ ಉಳಿದ. ವಿಕ್ರಮಾದಿತ್ಯ ಅಣ್ಣನನ್ನು ಸೆರೆಯಲ್ಲಿಟ್ಟು 1076ರಲ್ಲಿ ಕಲ್ಯಾಣದ ಪಟ್ಟವೇರಿದ. ಶಿವನೇ ಕನಸಿನಲ್ಲಿ ಬಂದು ಆಜ್ಞೆ ಮಾಡಿದನೆಂದು ಬಿಲ್ಹಣ ಬರೆಯುತ್ತಾನೆ. ಅನ್ನ ಕೊಟ್ಟ ದೊರೆಯ ಬಗ್ಗೆ ಆಸ್ಥಾನ ಕವಿ ಇನ್ನೇನು ಬರೆದಾನು? ಅಣ್ಣನ ಗದ್ದಿಗೆ ಕಿತ್ತುಕೊಂಡದ್ದನ್ನು ಮುಚ್ಚಿಟ್ಟು ಹೊಗಳುವ ಅಗತ್ಯ ನಮಗಿಲ್ಲ.

ಆದರೆ ಅಲ್ಲಿಂದಾಚೆಗೆ ನಡೆದದ್ದೇ ವಿಶೇಷ. ಪಟ್ಟಕ್ಕೆ ಬಂದವನು ಶಕವರ್ಷ ಬಿಟ್ಟು ತನ್ನ ಹೆಸರಿನ ಹೊಸ ಶಕೆ ಆರಂಭಿಸಿದ. ಹಳೆಯ ಲೆಕ್ಕ ಮುಗಿಯಿತು ಎಂದು ಜನರಿಗೆ ಹೇಳಿದಂತಿತ್ತು ಅದು. ತಂದೆ, ಅಜ್ಜಂದಿರಂತೆ ವರ್ಷಕ್ಕೊಮ್ಮೆ ಚೋಳರ ಮೇಲೆ ದಂಡೆತ್ತುವ ಪರಿಪಾಠ ನಿಂತಿತು. ಅತ್ತ ಕುಲೋತ್ತುಂಗನೂ ತುಂಗಭದ್ರೆ ದಾಟಿ ಕಲ್ಯಾಣ ಸುಡುವ ಯೋಚನೆ ಬಿಟ್ಟ.

ಇಬ್ಬರೂ ಸಾಧುಗಳಾಗಿದ್ದರೆಂದಲ್ಲ. ಇಬ್ಬರ ಪಟ್ಟವೂ ಪ್ರಶ್ನೆಗೆ ಗುರಿಯಾಗುವಂಥದ್ದು, ಒಬ್ಬ ಅಣ್ಣನನ್ನು ಇಳಿಸಿ ಬಂದವನು, ಇನ್ನೊಬ್ಬ ಹೊರಗಿನಿಂದ ಬಂದವನು. ಮನೆಯೊಳಗಿನದೇ ಮೊದಲು ಸರಿ ಮಾಡಿಕೊಳ್ಳಬೇಕಿತ್ತು. ವಿಕ್ರಮಾದಿತ್ಯನ ತಮ್ಮ ಜಯಸಿಂಹ ಬನವಾಸಿಯಲ್ಲಿದ್ದುಕೊಂಡು ದಂಗೆ ಎದ್ದ, ಅದನ್ನು ಅಡಗಿಸಬೇಕಾಯಿತು. ಹೊಯ್ಸಳರು, ಗೋವೆಯ ಕದಂಬರು, ಸೇವುಣರು, ಕಾಕತೀಯರು ಹೀಗೆ ಬಲಿಷ್ಠ ಸಾಮಂತರನ್ನು ಹತೋಟಿಯಲ್ಲಿಡಬೇಕಿತ್ತು. ಅದಕ್ಕಿಂತ ದೊಡ್ಡ ಕಾರಣ ಲೆಕ್ಕಾಚಾರದ್ದು. ಎಷ್ಟು ಸಲ ಗೆದ್ದರೂ ನದಿಯಾಚೆಯ ನಾಡನ್ನು ಉಳಿಸಿಕೊಳ್ಳಲು ಯಾರಿಗೂ ಆಗಿರಲಿಲ್ಲ. ಆ ಪಾಠವನ್ನು ಹಿಂದಿನವರು ರಕ್ತ ಕೊಟ್ಟು ಕಲಿತಿದ್ದರು, ಇವರಿಬ್ಬರು ಅದನ್ನು ಮರೆಯಲಿಲ್ಲ.

ಇದು ಅಕ್ಕಪಕ್ಕದ ಮನೆಯವರ ಬಾಂಧವ್ಯವೇನೂ ಅಲ್ಲ. ವೆಂಗಿಯಲ್ಲಿ ಕಿಡಿ ಆಗಾಗ ಹಾರುತ್ತಿತ್ತು. ಸಿಂಹಳದ ವಿಜಯಬಾಹು ಕರ್ನಾಟಕದ ದೊರೆಗೆ ಕಾಣಿಕೆ ಕೊಟ್ಟು ಕಳುಹಿಸಿದ ದೂತರ ಮೂಗು ಕಿವಿಗಳನ್ನು ಚೋಳ ನಾಡಿನಲ್ಲಿ ಕೊಯ್ದರೆಂದು ಸಿಂಹಳದ ಚೂಳವಂಶ ದಾಖಲಿಸಿದೆ. ಆದರೂ ಕೊಪ್ಪಂನಂಥ ಇನ್ನೊಂದು ಕಾಳಗವನ್ನು ಒಂದಿಡೀ ತಲೆಮಾರು ಕಾಣಲಿಲ್ಲ.

ಯುದ್ಧಕ್ಕೆ ಹೋಗದ ಹಣವೂ ತಲೆಯೂ ಎಲ್ಲಿಗೆ ಹೋದವು ಎಂದು ನೋಡಿದರೆ ಈ ಶಾಂತಿಯ ಬೆಲೆ ತಿಳಿಯುತ್ತದೆ. ಕುಲೋತ್ತುಂಗ 1077ರಲ್ಲಿ 72 ಜನರ ನಿಯೋಗವನ್ನು ಚೀನಾಕ್ಕೆ ಕಳುಹಿಸಿದ, 1086ರಲ್ಲಿ ಭೂಮಿಯ ಅಳತೆ ಮಾಡಿಸಿದ, ಸುಂಕ ತೆಗೆದುಹಾಕಿದವನೆಂದು ಹೆಸರಾದ. ಇತ್ತ ಕಲ್ಯಾಣಕ್ಕೆ ದೂರದ ಕಾಶ್ಮೀರದಿಂದ ಬಿಲ್ಹಣ ಬಂದ, ವಿದ್ಯಾಪತಿ ಎಂಬ ಪದವಿ ಪಡೆದು ದೊರೆಯ ಚರಿತೆಯನ್ನು 18 ಸರ್ಗಗಳ ಸಂಸ್ಕೃತ ಕಾವ್ಯವಾಗಿ ಬರೆದ. ಇಟಗಿಯಲ್ಲಿ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಕೊಪ್ಪಳ ಜಿಲ್ಲೆಯಲ್ಲಿ ಈಗಲೂ ನಿಂತಿದೆ. ದಂಡು ನಡೆಸಬೇಕಾದವನು ದೇವಾಲಯ ಕಟ್ಟಿಸುವಷ್ಟು ಬಿಡುವು ಆ ಕಾಲಕ್ಕಿತ್ತು. 12ನೇ ಶತಮಾನಕ್ಕೆ ಮೊದಲು ಬೇರೆ ಯಾವ ರಾಜನ ಕಾಲದಲ್ಲೂ ಇವನ ಕಾಲದಷ್ಟು ಕನ್ನಡ ಶಾಸನಗಳು ಹುಟ್ಟಲಿಲ್ಲ. ಗುಡಿ, ಕೆರೆ, ದತ್ತಿ, ವಿದ್ಯಾದಾನ, ಹೀಗೆ ನಾಡು ನೆಲೆನಿಂತಾಗ ಬರೆಸುವ ಮಾತುಗಳೇ ಅವುಗಳಲ್ಲಿ ಹೆಚ್ಚು.

ಇವೆಲ್ಲಕ್ಕಿಂತ ನಮ್ಮ ಮನೆ ಬಾಗಿಲಿಗೆ ಬಂದದ್ದು ವಿಜ್ಞಾನೇಶ್ವರನ ಮಿತಾಕ್ಷರ. ಯಾಜ್ಞವಲ್ಕ್ಯ ಸ್ಮೃತಿಗೆ ಕಲ್ಯಾಣದಲ್ಲಿ ಬರೆದ ಈ ವ್ಯಾಖ್ಯಾನದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ವಿಭಾಗಕ್ಕೆ ಇದೇ ಆಧಾರವಾಯಿತು. ಬ್ರಿಟಿಷರ ಕೋರ್ಟುಗಳೂ ಇದನ್ನೇ ಒಪ್ಪಿದವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಇದರ ಬೇರು ಉಳಿಯಿತು, 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಆ ಹುಟ್ಟಿನ ಹಕ್ಕನ್ನು ಕೊಟ್ಟಿತು. ರಾಗಿ ಹೊಲಗಳಿಗೆ ಕೋಟಿಯ ಬೆಲೆ ಬಂದ ಮೇಲೆ ನಮ್ಮ ಕಡೆ ಪಾಲು ವಿಭಾಗದ ಕೇಸು ಇಲ್ಲದ ಮನೆ ಅಪರೂಪ. ವಕೀಲರು ಅಲ್ಲಿ ವಾದಿಸುವ ಕಾನೂನಿನ ಮೂಲ ಒಂಬೈನೂರು ವರ್ಷಗಳ ಹಿಂದೆ ಯುದ್ಧವಿಲ್ಲದ ಒಂದು ರಾಜಧಾನಿಯಲ್ಲಿ ಕುಳಿತು ಬರೆದ ಪುಸ್ತಕ.

ಆ ನೆಮ್ಮದಿ ಕೊನೆಯವರೆಗೆ ಹಾಗೇ ಉಳಿಯಲಿಲ್ಲ. ಚಾಲುಕ್ಯರ ಸಾಮಂತನಾದ ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದು ತಲಕಾಡುಗೊಂಡ ಎನಿಸಿದ. ಗಂಗವಾಡಿ ಚೋಳರ ಕೈ ತಪ್ಪಿತು. ಆಮೇಲೆ ಅವನು ತನ್ನ ಒಡೆಯ ವಿಕ್ರಮಾದಿತ್ಯನ ಮೇಲೇ ತಿರುಗಿಬಿದ್ದ. 1118ರ ಹೊತ್ತಿಗೆ ವೆಂಗಿ ಚಾಲುಕ್ಯರ ಹಿಡಿತಕ್ಕೆ ಬಂತು. ಮುಪ್ಪಿನಲ್ಲಿ ವಿಕ್ರಮಾದಿತ್ಯ ಮತ್ತೆ ದಂಡು ಕಳುಹಿಸಬೇಕಾಯಿತು. ಕುಲೋತ್ತುಂಗ 1122ರ ಸುಮಾರಿಗೆ ತೀರಿಕೊಂಡ, ವಿಕ್ರಮಾದಿತ್ಯ 1126ರಲ್ಲಿ. ಮಗ ಮೂರನೇ ಸೋಮೇಶ್ವರ ಓದುಬರಹದವನು, ಮಾನಸೋಲ್ಲಾಸ ಬರೆಸಿದವನು. ಅದೇ ಕಲ್ಯಾಣದಲ್ಲಿ ಮುಂದೆ ಬಸವಣ್ಣನವರ ಕಾಲ ಬಂತು.

ನಾನು ಸಾಫ್ಟ್‌ವೇರ್ ಕೆಲಸದವನು. ಸರ್ವರ್ ಕೆಟ್ಟು ನಿಂತ ಒಂದು ರಾತ್ರಿಯ ಬಗ್ಗೆ ನಮ್ಮಲ್ಲಿ ಹತ್ತು ಪುಟದ ವರದಿ ಬರೆಯುತ್ತೇವೆ. ಏನೂ ಕೆಡದೆ ನಡೆದ ಇಡೀ ವರ್ಷದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇತಿಹಾಸದ ಪುಸ್ತಕಗಳೂ ಹಾಗೆಯೇ. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವುದೇ ಎಲೆಕ್ಟ್ರಾನಿಕ್ ಸಿಟಿ ಕಡೆಯ ಬೇಗೂರಿನ ವೀರಗಲ್ಲಿನಲ್ಲಿ, ಅದೂ ಒಂದು ಕಾಳಗದ ಲೆಕ್ಕದಲ್ಲಿ. ಕಾಳಗವಿಲ್ಲದ ವರ್ಷಗಳಿಗೆ ವೀರಗಲ್ಲು ನೆಡುವವರಿಲ್ಲ. ಆ ವರ್ಷಗಳನ್ನು ಕೆರೆ, ತೂಬು, ಗುಡಿ, ಶಾಲೆಗಳಲ್ಲೇ ಹುಡುಕಬೇಕು.

ಇಂದು ನಮ್ಮ ಊರುಗಳಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ. ಮೆಟ್ರೊದಲ್ಲಿ ಪಟ್ಟಂದೂರು ಅಗ್ರಹಾರ ನಿಲ್ದಾಣದಲ್ಲಿ ಇಳಿಯುವ ಸಾವಿರಾರು ಜನಕ್ಕೆ ಆ ಹೆಸರಿನ ವಯಸ್ಸು ಗೊತ್ತಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿನ ಗಲಾಟೆಗೆ ಬಸ್ಸುಗಳು ಹೊತ್ತಿ ಉರಿದವು. ಅತ್ತಿಬೆಲೆ ಗಡಿಯಲ್ಲಿ ಬಸ್ಸುಗಳು ನಿಂತು, ಹೊಸೂರಿನ ಕಡೆಯವರು ಗಂಟು ಮೂಟೆ ಹೊತ್ತು ನಡೆದೇ ಗಡಿ ದಾಟಿದರು. ಅವರಲ್ಲಿ ನಮ್ಮ ಜೊತೆ ಕೆಲಸ ಮಾಡುವವರಿದ್ದರು, ನಮ್ಮ ಬೀದಿಯಲ್ಲಿ ಬಾಡಿಗೆಗೆ ಇದ್ದವರಿದ್ದರು. ನೀರಿನ ಹಕ್ಕು ಸಣ್ಣ ವಿಷಯವಲ್ಲ, ಅದನ್ನು ಕೇಳಲೇಬೇಕು. ಆದರೆ ಕೇಳುವುದಕ್ಕೆ ನ್ಯಾಯಾಲಯವಿದೆ, ಮಾತುಕತೆಯಿದೆ. ಪಕ್ಕದವನ ಬಸ್ಸು ಸುಟ್ಟರೆ ಕೆರೆಗೆ ಒಂದು ಬಿಂದಿಗೆ ನೀರೂ ಹೆಚ್ಚುವುದಿಲ್ಲ.

ವಿಕ್ರಮಾದಿತ್ಯನೂ ಕುಲೋತ್ತುಂಗನೂ ಒಬ್ಬರನ್ನೊಬ್ಬರು ಪ್ರೀತಿಸಲಿಲ್ಲ. ಸುಡುವುದರಿಂದ ಗಿಟ್ಟುವುದೇನೂ ಇಲ್ಲವೆಂದು ತಿಳಿದು ತಂತಮ್ಮ ಕೆಲಸ ನೋಡಿಕೊಂಡರು. ಅಷ್ಟರಿಂದಲೇ ಒಂದು ತಲೆಮಾರಿನ ಮಕ್ಕಳು ದಂಡಿನ ಸದ್ದು ಕೇಳದೆ ಬೆಳೆದರು. ನಮ್ಮ ಶಾಲೆಯ ಮಕ್ಕಳು ಪರೀಕ್ಷೆಗೆ ಈ ದೊರೆಯ ಬಿರುದುಗಳ ಜೊತೆ ಇದನ್ನೂ ಓದಲಿ. 

(ಲೇಖಕರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್)