ಮಹಾದೇವಿಯಕ್ಕನ ಮೂರು ನಿಬಂಧನೆಗಳು

ಶಿವಶರಣೆ ಮಹಾದೇವಿಯಕ್ಕನು 12ನೆಯ ಶತಮಾನದಲ್ಲಿ ಶಿಕಾರಿಪುರದ ಸಮೀಪದ ಉಡುತಡಿಯಲ್ಲಿ ಜನ್ಮ ತಳೆದಳು. ಬಾಲ್ಯದಲ್ಲಿಯೇ ಚೆನ್ನಮಲ್ಲಿಕಾರ್ಜುನನನ್ನು ಪತಿಯಾಗಿ ಭಾವಿಸಿದ ಆಕೆಯ ರೂಪಕ್ಕೆ ಅರಸನಾದ ಕೌಶಿಕನು ಮರುಳಾದನು. ಹರಿಹರ ಕವಿಯ ರಗಳೆಯಂತೆ, ತಾಯಿತಂದೆಗಳ ಪ್ರಾಣಕ್ಕೆ ಕುತ್ತು ಬಂದಾಗ ಆಕೆ ವಿವಾಹಕ್ಕೆ ಒಪ್ಪಿದಳು. ಆದರೆ ನಿಬಂಧನೆಗಳನ್ನು ತಾನೇ ವಿಧಿಸಿದಳು. ಲಿಂಗಪೂಜೆ, ಮಾಹೇಶ್ವರ ಗೋಷ್ಠಿ, ಗುರುಸೇವೆ ಈ ಮೂರೂ ತನ್ನ ಇಚ್ಛೆಯಂತೆ ನಡೆಯಬೇಕು; ಮೂರು ತಪ್ಪುಗಳವರೆಗೆ ಮಾತ್ರ ತಾನು ಸೈರಿಸುವಳು. ಅರಸನು ಮೂರು ಸಲ ಮಾತು ಮೀರಲು, ಉಟ್ಟುದನ್ನೂ ಅರಮನೆಯನ್ನೂ ತ್ಯಜಿಸಿ ಹೊರಟುಹೋದಳು. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯಾದರೋ ಆ ವಿವಾಹವೇ ನಡೆಯದು. ಕಥೆ ಭಿನ್ನವಾದರೂ ತತ್ತ್ವವೊಂದೇ: ಒಲ್ಲದವಳ ಮೇಲೆ ಅರಸನಿಗೂ ಅಧಿಕಾರವಿಲ್ಲ.

ಕಲ್ಯಾಣದಲ್ಲಿ ಅಲ್ಲಮಪ್ರಭುದೇವರು ಆಕೆಯನ್ನು ಕಠಿಣವಾಗಿ ಪರೀಕ್ಷಿಸಿದರೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ಆಕೆ ತನ್ನ ನಿಲವನ್ನು ತಾನೇ ಸಾರಿದಳು. ಶರಣರು ಅಕ್ಕನೆಂದು ತಲೆಬಾಗಿದರು. ಕಡೆಗೆ ಶ್ರೀಶೈಲದ ಕದಳಿಯಲ್ಲಿ ಬಯಲಾದಳು.

ನಮ್ಮ ಧರ್ಮದಲ್ಲಿ ಗಂಡಿಗೆಂತೋ ಹೆಣ್ಣಿಗೂ ಅಂತೆಯೇ ಲಿಂಗದೀಕ್ಷೆಯುಂಟು. ಲಿಂಗವನ್ನು ಧರಿಸಿದ ಅಂಗವು ಲಿಂಗದ ನೆಲೆಯೇ ಹೊರತು ಅನ್ಯರ ಸೊತ್ತಲ್ಲ. ರಾಜಾಜಿನಗರ, ವಿಜಯನಗರಗಳ ಸದ್ಗೃಹಸ್ಥರು ದವನದ ಹುಣ್ಣಿಮೆಯಂದು ಅಕ್ಕನ ಭಾವಚಿತ್ರಕ್ಕೆ ಹೂವೇರಿಸಿದರೆ ಸಾಲದು. ವರನಿಗೆ ಮಾತು ಕೊಡುವ ಮುನ್ನ ತಂದೆಯು ಮಗಳ ಮನಸ್ಸನ್ನು ಕೇಳಲಿ. ವಿವಾಹವಾದ ಮೇಲೆಯೂ ಪತಿಯು ಸತಿಯ ಇಚ್ಛೆಯನ್ನರಿತು ನಡೆಯಲಿ. ಅದೇ ಅಕ್ಕನಿಗೆ ಸಲ್ಲುವ ನಿಜವಾದ ಪೂಜೆ.