ಸ್ಫಟಿಕದ ಹೊರಮೈಯನ್ನು ಅರಸಿದ ವಾಲ್ಟರ್ ಬ್ರಾಟನ್

ಟ್ರಾನ್ಸಿಸ್ಟರಿನ ಮಾತು ಬಂದಾಗ ಜನ ಮೊದಲು ನೆನೆಯುವುದು ವಿಲಿಯಂ ಶಾಕ್ಲಿಯವರನ್ನು. ಆದರೆ ಅದರ ಕೀರ್ತಿಯನ್ನು ಹಂಚಿಕೊಂಡ ಮೂವರಲ್ಲಿ ನನಗೆ ಹೆಚ್ಚು ಪ್ರಿಯರಾದವರು ವಾಲ್ಟರ್ ಬ್ರಾಟನ್. ಸೂತ್ರಗಳಿಗಿಂತ ತಮ್ಮ ಕೈಬೆರಳುಗಳನ್ನು ಹೆಚ್ಚಾಗಿ ನಂಬಿದ ವಿಜ್ಞಾನಿ ಅವರು.

1902ರಲ್ಲಿ ಚೀನಾದ ಅಮಾಯ್ ಪಟ್ಟಣದಲ್ಲಿ ಜನಿಸಿದ ಬ್ರಾಟನ್ ಬೆಳೆದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ದನಕರುಗಳ ನಡುವೆ. ವಿಟ್ಮನ್ ಕಾಲೇಜಿನಲ್ಲಿ ಓದಿ, ಮಿನ್ನೆಸೋಟಾದಲ್ಲಿ ಡಾಕ್ಟರೇಟ್ ಗಳಿಸಿ, 1929ರಲ್ಲಿ ಬೆಲ್ ಪ್ರಯೋಗಶಾಲೆಯನ್ನು ಸೇರಿದರು. ಮುಂದೆ ಅವರ ಆಯುಷ್ಯದ ಬಹುಭಾಗ ಘನವಸ್ತುವಿನ ಹೊರಮೈಗೇ ಮೀಸಲಾಯಿತು.

ಹೊರಮೈಯಲ್ಲಿ ಅಂಥದೇನಿದೆ ಎಂದು ವಾಚಕರು ಕೇಳಬಹುದು. ಸಿಲಿಕಾನ್ ಸ್ಫಟಿಕದ ಒಡಲಿನಲ್ಲಿ ಪ್ರತಿಯೊಂದು ಪರಮಾಣುವೂ ನಾಲ್ಕು ನೆರೆಯವರ ಕೈ ಹಿಡಿದು ನಿಂತಿರುತ್ತದೆ. ಸ್ಫಟಿಕ ಮುಗಿಯುವೆಡೆ ಮೇಲಿನ ನೆರೆಯಿಲ್ಲ. ಚಾಚಿದ ಕೈ ಬರಿದಾಗಿಯೇ ಉಳಿಯುತ್ತದೆ. ಅಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಬೀಳುತ್ತವೆ. 1945ರಲ್ಲಿ ಶಾಕ್ಲಿಯವರು ಹೊರಗಿನಿಂದ ವಿದ್ಯುತ್ ಕ್ಷೇತ್ರವನ್ನೊಡ್ಡಿ ಅರೆವಾಹಕದೊಳಗಣ ಪ್ರವಾಹವನ್ನು ಹತೋಟಿಗೆ ತರಲು ಯತ್ನಿಸಿ ವಿಫಲರಾದರು. ಸಿಕ್ಕಿಬಿದ್ದ ಎಲೆಕ್ಟ್ರಾನುಗಳೇ ಕೋಟೆಗೋಡೆಯಂತೆ ಆ ಕ್ಷೇತ್ರವನ್ನು ತಡೆಯುತ್ತಿವೆಯೆಂದು 1946ರಲ್ಲಿ ಊಹಿಸಿದವರು ಜಾನ್ ಬಾರ್ಡೀನ್; ಅದನ್ನು ಪ್ರಯೋಗದಿಂದ ಒರೆಗೆ ಹಚ್ಚುವ ಹೊಣೆ ಬ್ರಾಟನ್ನರದಾಯಿತು.

1947ರ ನವೆಂಬರಿನಲ್ಲಿ ಉಪಕರಣದ ಮೇಲೆ ತೇವ ಕೂಡಿ ಅಳತೆಗಳು ಕೆಡತೊಡಗಿದವು. ಬೇರೊಬ್ಬರಾಗಿದ್ದರೆ ಒರೆಸಿ ಒಣಗಿಸುತ್ತಿದ್ದರು. ಬ್ರಾಟನ್ ಇಡೀ ಉಪಕರಣವನ್ನೇ ದ್ರವದಲ್ಲಿ ಮುಳುಗಿಸಿದರು! ಸಹೋದ್ಯೋಗಿ ಗಿಬ್ನಿಯವರ ಸೂಚನೆಯಂತೆ ಆ ದ್ರವಕ್ಕೆ ವೋಲ್ಟೇಜ್ ಕೊಟ್ಟಾಗ ಗೋಡೆ ಮಣಿಯಿತು; ಕ್ಷೇತ್ರ ಒಳಹೊಕ್ಕಿತು. ತಿಂಗಳೊಪ್ಪತ್ತಿನಲ್ಲಿ, ಡಿಸೆಂಬರ್ 16ರಂದು, ಪ್ಲಾಸ್ಟಿಕ್ಕಿನ ತ್ರಿಕೋನದ ಅಂಚಿಗೆ ಚಿನ್ನದ ರೇಕನ್ನು ಅಂಟಿಸಿ, ತುದಿಯಲ್ಲಿ ಬ್ಲೇಡಿನಿಂದ ಕೂದಲೆಳೆಯಷ್ಟು ಸೀಳಿ, ಜರ್ಮೇನಿಯಂ ತುಣುಕಿನ ಮೇಲೆ ಸ್ಪ್ರಿಂಗಿನಿಂದ ಒತ್ತಿ ಹಿಡಿದರು. ಒಂದು ಮೊನೆಗೆ ಕೊಟ್ಟ ಕ್ಷೀಣ ಸಂಜ್ಞೆ ಇನ್ನೊಂದರಲ್ಲಿ ಹಿಗ್ಗಿ ಹೊರಬಂದಿತು. ಇಲ್ಲಿ ಕೆಲಸ ಮಾಡಿದ್ದು ಶಾಕ್ಲಿಯವರ ಉಪಾಯವಲ್ಲ. ಹುಡುಕಿದ್ದು ಒಂದು, ದೊರೆತದ್ದು ಮತ್ತೊಂದು. ವಾಲ್ವ್ ರೇಡಿಯೋ ಬಿಸಿಯೇರುವವರೆಗೆ ಕಾದು ಕುಳಿತ ಬಾಲ್ಯ ನನ್ನದು; ಆ ದಿನದ ಬೆಲೆಯನ್ನು ನಾನು ಬಲ್ಲೆ.

ಅನಂತರದ ಕಥೆ ಅಷ್ಟು ಚೆಲುವಾದುದಲ್ಲ. ಮೂಲ ಕಲ್ಪನೆ ತಮ್ಮದಾದ್ದರಿಂದ ಪೇಟೆಂಟಿನ ಹಕ್ಕೂ ತಮಗೇ ಸಲ್ಲಬೇಕೆಂದು ಶಾಕ್ಲಿ ಬಯಸಿದರು. ಪ್ರಚಾರದ ಛಾಯಾಚಿತ್ರದಲ್ಲಿ ಬ್ರಾಟನ್ನರ ಉಪಕರಣದ ಮುಂದೆ ಕುಳಿತವರೂ ಅವರೇ. ಕೀರ್ತಿ ಎಲ್ಲರಿಗೂ ಸಾಕಾಗುವಷ್ಟಿದೆಯೆಂಬುದು ಬ್ರಾಟನ್ನರ ನಿಲುವಾಗಿತ್ತು. ಆದರೂ ಕೊನೆಗೆ ಶಾಕ್ಲಿಯವರ ತಂಡವನ್ನು ತೊರೆದು ಬೇರೆ ವಿಭಾಗಕ್ಕೆ ಹೋದರು. 1956ರಲ್ಲಿ ನೊಬೆಲ್ ಪಾರಿತೋಷಕ ಮೂವರಿಗೂ ಸಂದಿತು. ಆ ಸಂದರ್ಭದ ಉಪನ್ಯಾಸಕ್ಕೆ ಬ್ರಾಟನ್ ಆರಿಸಿಕೊಂಡ ವಿಷಯ, ಮತ್ತೆ, ಅರೆವಾಹಕದ ಹೊರಮೈಯೇ.

1967ರಲ್ಲಿ ಬೆಲ್ ಪ್ರಯೋಗಶಾಲೆಯಿಂದ ನಿವೃತ್ತರಾಗಿ, ತಾವು ಕಲಿತ ವಿಟ್ಮನ್ ಕಾಲೇಜಿನಲ್ಲಿ ವಿಜ್ಞಾನೇತರ ವಿದ್ಯಾರ್ಥಿಗಳಿಗೂ ಭೌತಶಾಸ್ತ್ರವನ್ನು ಬೋಧಿಸಿದರು. ಜೀವಕೋಶದ ಹೊರಪೊರೆಯ ಅಧ್ಯಯನಕ್ಕೆ ತೊಡಗಿದರು. 1983ರಲ್ಲಿ ಬಿನ್ನಿಗ್ ಮತ್ತು ರೋರರ್ ತಮ್ಮ ನೂತನ ಸೂಕ್ಷ್ಮದರ್ಶಕದಿಂದ ಸಿಲಿಕಾನಿನ ಹೊರಮೈಯ ಪರಮಾಣುಗಳನ್ನು ಒಂದೊಂದಾಗಿ ತೋರಿಸಿದರು. ಸ್ಫಟಿಕದ ಒಂದು ಮುಖದಲ್ಲಿ ಪರಮಾಣುಗಳು ಸ್ಥಳ ಬದಲಿಸಿ ರಂಗವಲ್ಲಿಯಂತೆ ಜೋಡಿಕೊಂಡು, 49 ಬರಿಗೈಗಳನ್ನು 19ಕ್ಕೆ ಇಳಿಸಿಕೊಂಡಿರುವುದು ಎರಡು ವರ್ಷಗಳಲ್ಲಿ ಸ್ಪಷ್ಟವಾಯಿತು. ಬ್ರಾಟನ್ 1987ರ ಅಕ್ಟೋಬರ್ 13ರಂದು ಸಿಯಾಟಲಿನಲ್ಲಿ ತೀರಿಕೊಂಡರು.