ಗುರುವಿಗೆ ತಂದ ಕಾಣಿಕೆ

ಮಲೆನಾಡಿನ ಕುಪ್ಪಳಿಯಿಂದ ಓದಲು ಮೈಸೂರಿಗೆ ಬಂದ ಕುವೆಂಪು ಮೊದಲು ಬರೆಯುತ್ತಿದ್ದುದು ಇಂಗ್ಲಿಷ್ ಕವಿತೆಗಳನ್ನು. ನಮ್ಮ ಮಕ್ಕಳ ಹಾಗೆಯೇ ಅನ್ನಿ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಕವೂ ಬಂದಿತ್ತು. ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಅದು ಎಲ್ಲರಿಗೂ ಗೊತ್ತಿರುವ ಕಥೆ.

ನನ್ನ ಮನಸ್ಸು ನಿಲ್ಲುವುದು ಮಾತ್ರ ಅವರಿಗೆ ಕನ್ನಡ ಪಾಠ ಹೇಳಿದ ಟಿ.ಎಸ್. ವೆಂಕಣ್ಣಯ್ಯನವರ ಬಳಿ. ಶಿಷ್ಯನ ಮಹಾಕಾವ್ಯ ಮುಗಿಯುವ ಮೊದಲೇ, 1939ರಲ್ಲಿ, ಮೇಷ್ಟ್ರು ತೀರಿಕೊಂಡರು. ಹತ್ತು ವರ್ಷಗಳ ಮೇಲೆ ಅಚ್ಚಾದ ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾದದ್ದು ಅವರಿಗೇ. ಅರ್ಪಣೆಯ ಸಾಲುಗಳಲ್ಲಿ ಕುವೆಂಪು ಗುರುವನ್ನು ಎದುರಿಗೇ ಕುಳಿತಿರುವವರಂತೆ ಮಾತಾಡಿಸುತ್ತಾರೆ. 1967ರ ಜ್ಞಾನಪೀಠವೂ ಆ ಕಾವ್ಯಕ್ಕೇ ಬಂತು.

ನನ್ನ ಮಗಳಿಗೆ ಅಕ್ಷರ ತಿದ್ದಿಸಿದ ಟೀಚರುಗಳು ಇಂದು ಎದುರಿಗೇ ಇದ್ದೀರಿ. ನಿಮಗೆ ನಮಸ್ಕಾರ.